ಹೊಸ ಬ್ಯಾಟರಿ ಹಾಕಿದರೂ ಸ್ಟಾರ್ಟ್ ಆಗದ ಕಾರು: ಮನೆಯಲ್ಲೇ ಕೇಬಲ್ ಬದಲಿಸಿದ ಒಂದು ಪ್ರಕರಣ

ಕಾರು ಅಕ್ಕನದು. ಸ್ಪ್ಯಾನರ್ ಹಿಡಿದದ್ದು ತಮ್ಮ. ನಾನು ಪಕ್ಕದಲ್ಲಿ ನಿಂತು ನೋಡಿದವನು, ಮಧ್ಯೆ ಎರಡು ಮೂರು ಕಡೆ ಬಾಯಿ ಹಾಕಿದವನು. ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು, ಊರು, ಕಾರಿನ ಕಂಪನಿ ಯಾವುದೂ ಇಲ್ಲಿಲ್ಲ. ಅಕ್ಕ, ತಮ್ಮ ಅಂತಲೇ ಕರೆಯುತ್ತೇನೆ.

ಕೆಲಸ ನೋಡಿದರೆ ಸಣ್ಣದು. ಒಂದು ದಪ್ಪ ತಂತಿ ತೆಗೆದು ಇನ್ನೊಂದು ಹಾಕುವುದು, ಅಷ್ಟೇ. ಆದರೆ ಅದಕ್ಕೆ ಮುಂಚೆ ಒಂದು ಬ್ಯಾಟರಿ ಸುಮ್ನೆ ಬದಲಾಯಿತು, ಒಂದು ಸಲ ಕಿಡಿ ಹಾರಿತು, ತಪ್ಪು ಕೇಬಲ್ ಒಂದು ಮನೆಗೆ ಬಂದು ವಾಪಸ್ ಹೋಯಿತು.

ಹಿನ್ನೆಲೆ

ಹತ್ತು ವರ್ಷ ದಾಟಿದ ಪೆಟ್ರೋಲ್ ಕಾರು, ಮ್ಯಾನುವಲ್ ಗೇರ್. ಬೆಳಿಗ್ಗೆ ಕೀ ತಿರುಗಿಸಿದರೆ ಒಂದು 'ಟಕ್' ಶಬ್ದ ಬರುತ್ತಿತ್ತು. ಆಮೇಲೆ ಎಂಜಿನ್ ಭಾರ ಎತ್ತುವವರ ಹಾಗೆ ನಿಧಾನಕ್ಕೆ ಒಂದೆರಡು ಸುತ್ತು ತಿರುಗಿ ನಿಂತುಬಿಡುತ್ತಿತ್ತು. ಮೂರ್ನಾಲ್ಕು ಸಲ ಪ್ರಯತ್ನಿಸಿದರೆ ಒಮ್ಮೆ ಹತ್ತಿಕೊಳ್ಳುತ್ತಿತ್ತು.

ತಮ್ಮ ಬಾನೆಟ್ ಎತ್ತಿ ನೋಡಿದ. ಮೈನಸ್ ಟರ್ಮಿನಲ್ ಸುತ್ತ ಹಸಿರು, ಬಿಳಿ ಕಿಲುಬು ಕಟ್ಟಿತ್ತು. ಬ್ಯಾಟರಿಗೂ ನಾಲ್ಕು ವರ್ಷ ಆಗಿತ್ತು. 'ಬ್ಯಾಟರಿ ಹೋಗಿದೆ ಅಕ್ಕ' ಅಂದ. ಹೊಸದು ತಂದು, ಹಳೆಯದನ್ನು ಅಂಗಡಿಗೇ ಕೊಟ್ಟು, ತಾನೇ ಹಾಕಿದ. ಮೀಟರ್ ಹಿಡಿದು ಅಳೆಯಲಿಲ್ಲ. ಇದು ಮೊದಲನೇ ತಪ್ಪು ನಿರ್ಧಾರ. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಕೆಲವು ಗಂಟೆ ಸುಮ್ಮನೆ ಇದ್ದ ಮೇಲೆ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12.2ಕ್ಕೆ ಇಳಿದರೆ ಅರ್ಧ ಖಾಲಿ. ಈ ಒಂದು ಅಳತೆಗೆ ಎರಡು ನಿಮಿಷ ಸಾಕಿತ್ತು.

ನಾಲ್ಕು ದಿನ ಗಾಡಿ ಚೆನ್ನಾಗಿ ಸ್ಟಾರ್ಟ್ ಆಯಿತು. ಕಿಲುಬು ಉಜ್ಜಿದ್ದರಿಂದ ಸ್ವಲ್ಪ ಅನುಕೂಲವಾಗಿರಬೇಕು, ಹೊಸ ಬ್ಯಾಟರಿಯ ಕಸುವೂ ಸ್ವಲ್ಪ ತಳ್ಳಿರಬೇಕು. ಐದನೇ ದಿನ ಬೆಳಿಗ್ಗೆ ಮತ್ತೆ ಅದೇ 'ಟಕ್'.

ಸ್ಪ್ಯಾನರಿನ ಮೇಲಿನ ಗುರುತು

ಬ್ಯಾಟರಿ ಬದಲಿಸಿದ ದಿನ ಇನ್ನೊಂದು ನಡೆದಿತ್ತು. ನಾನು ಕೇಳುವವರೆಗೆ ತಮ್ಮ ಅದನ್ನು ಹೇಳಿರಲಿಲ್ಲ. ಅವನ 10 ನಂಬರ್ ಸ್ಪ್ಯಾನರಿನ ಅಂಚಿನಲ್ಲಿ ಕರಗಿ ಹೋದಂಥ ಸಣ್ಣ ಕಚ್ಚು ಇತ್ತು. ಏನಿದು ಅಂದೆ. ಪ್ಲಸ್ ಟರ್ಮಿನಲ್ ನಟ್ ಬಿಚ್ಚುವಾಗ ಸ್ಪ್ಯಾನರಿನ ಹಿಂದಿನ ತುದಿ ಬ್ಯಾಟರಿ ಹಿಡಿದಿಡುವ ಕಬ್ಬಿಣದ ಪಟ್ಟಿಗೆ ತಾಗಿ 'ಚಟ್' ಅಂತ ಕಿಡಿ ಹಾರಿತಂತೆ. ಕೈ ತಾನಾಗಿ ಹಿಂದೆ ಬಂತು, ಸ್ಪ್ಯಾನರ್ ಕೆಳಗೆ ಬಿತ್ತು. ಅಷ್ಟಕ್ಕೇ ಮುಗಿಯಿತು.

ಯಾಕೆ ಪ್ಲಸ್ ಮೊದಲು ಬಿಚ್ಚಿದೆ ಅಂತ ಕೇಳಿದೆ. ಅವನ ಉತ್ತರ ಪ್ರಾಮಾಣಿಕವಾಗಿತ್ತು. 'ಕೆಂಪು ಅಂದ್ರೆ ಅಪಾಯ ಅಲ್ವಾ, ಅದನ್ನ ಮೊದಲು ತೆಗೆದುಬಿಟ್ರೆ ಆಯ್ತು ಅಂದ್ಕೊಂಡೆ.'

ತುಂಬಾ ಜನ ಹೀಗೇ ಯೋಚಿಸುತ್ತಾರೆ. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಬ್ಯಾಟರಿಯ ಮೈನಸ್ಸನ್ನು ಕಾರಿನ ಬಾಡಿಗೂ ಎಂಜಿನ್ನಿಗೂ ಜೋಡಿಸಿರುತ್ತಾರೆ. ಅಂದರೆ ಬಾನೆಟ್ ಒಳಗೆ ಬಣ್ಣ ಕಿತ್ತ ಪ್ರತಿ ಕಬ್ಬಿಣವೂ ಮೈನಸ್ ಟರ್ಮಿನಲ್ ಇದ್ದ ಹಾಗೆ. ಆ ಸ್ಥಿತಿಯಲ್ಲಿ ಪ್ಲಸ್ ನಟ್ ಮೇಲೆ ಸ್ಪ್ಯಾನರ್ ಇಟ್ಟು, ಅದರ ಇನ್ನೊಂದು ತುದಿ ಎಲ್ಲಿ ತಾಗಿದರೂ ಪ್ಲಸ್ ಮತ್ತು ಮೈನಸ್ ನೇರವಾಗಿ ಕೂಡಿಕೊಳ್ಳುತ್ತವೆ. ಕಾರಿನ ಬ್ಯಾಟರಿ ಆಗ ನೂರಾರು ಆಂಪಿಯರ್ ಒಂದೇ ಸಲಕ್ಕೆ ಸುರಿಯುತ್ತದೆ. ಸ್ಪ್ಯಾನರ್ ಅಂಟಿಕೊಂಡು ಕೆಂಪಗೆ ಕಾಯಬಹುದು. ಬೆರಳಲ್ಲಿ ಉಂಗುರ ಇದ್ದು ಅದೇ ನಡುವೆ ಸಿಕ್ಕಿಕೊಂಡರೆ ಬೆರಳೇ ಸುಟ್ಟುಹೋಗುತ್ತದೆ.

ಮೈನಸ್ ಮೊದಲು ತೆಗೆದರೆ ಕಥೆಯೇ ಬೇರೆ. ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಏನೂ ಆಗುವುದಿಲ್ಲ, ಯಾಕೆಂದರೆ ಎರಡೂ ಒಂದೇ ಕಡೆ. ಮೈನಸ್ ಕಳಚಿದ ಮೇಲೆ ಬಾಡಿಗೂ ಬ್ಯಾಟರಿಗೂ ಸಂಬಂಧವೇ ಇಲ್ಲ. ಆಮೇಲೆ ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಕರೆಂಟಿಗೆ ವಾಪಸ್ ಹೋಗುವ ದಾರಿ ಇಲ್ಲ. ಒಂದೇ ಒಂದು ಎಚ್ಚರ: ಸ್ಪ್ಯಾನರ್ ಆಗಲೂ ಬ್ಯಾಟರಿಯ ಎರಡು ಕಂಬಗಳ (ಪ್ಲಸ್, ಮೈನಸ್ ಟರ್ಮಿನಲ್‌ಗಳ) ನಡುವೆ ಬೀಳಬಾರದು. ಜೋಡಿಸುವಾಗ ಇದೇ ಲೆಕ್ಕ ತಿರುಗುತ್ತದೆ. ಪ್ಲಸ್ ಮೊದಲು, ಮೈನಸ್ ಕೊನೆಗೆ. ಕೆಲವು ಹಳೆಯ ಕಾಲದ ಗಾಡಿಗಳಲ್ಲಿ ಪ್ಲಸ್ಸೇ ಬಾಡಿಗೆ ಸೇರಿರುತ್ತದೆ. ಅಲ್ಲಿ ಪ್ಲಸ್ ಮೊದಲು ತೆಗೆಯಬೇಕು. ಬಾಡಿಗೆ ಜೋಡಿಸಿದ್ದು ಯಾವುದೋ ಅದೇ ಮೊದಲು ಹೊರಗೆ ಬರಬೇಕು.

ಇಷ್ಟು ಹೇಳಿದ ಮೇಲೆ ತಮ್ಮ ಆ ಸ್ಪ್ಯಾನರನ್ನು ಸ್ವಲ್ಪ ಹೊತ್ತು ನೋಡುತ್ತಲೇ ಇದ್ದ. ಆಮೇಲೆ ಅದರ ಹಿಡಿಯನ್ನು ಪೂರ್ತಿ ಇನ್ಸುಲೇಶನ್ ಟೇಪಿನಿಂದ ಸುತ್ತಿಟ್ಟ.

ಅಕ್ಕ ಗಮನಿಸಿದ್ದು

ಐದನೇ ದಿನದ 'ಟಕ್' ಕೇಳಿದ ಕೂಡಲೇ ತಮ್ಮನ ಮುಂದಿನ ತೀರ್ಮಾನ ಸಿದ್ಧವಾಗಿತ್ತು: ಸೆಲ್ಫ್ ಮೋಟರ್ ಹೋಗಿದೆ, ಬದಲಿಸೋಣ. ಕೀ ತಿರುಗಿಸಿದಾಗ ಎಂಜಿನ್ನನ್ನು ಮೊದಲು ತಿರುಗಿಸುವ ಮೋಟರ್ ಅದು, ಬ್ಯಾಟರಿಗಿಂತ ದೊಡ್ಡ ಖರ್ಚು.

ಅದನ್ನು ತಡೆದದ್ದು ಅಕ್ಕನ ಒಂದು ಮಾತು. 'ಹಿಂದೆ ಒಂದ್ಸಲ ಬ್ಯಾಟರಿ ಖಾಲಿ ಆದಾಗ ಕೀ ತಿರುಗಿಸಿದ್ರೆ ಹೆಡ್‌ಲೈಟು ಮಂಕಾಗ್ತಿತ್ತು ಕಣೋ. ಈ ಸಲ ಲೈಟು ಚೆನ್ನಾಗೇ ಉರೀತಿದೆ, ಎಂಜಿನ್ ಮಾತ್ರ ತಿರುಗ್ತಿಲ್ಲ.'

ಇಡೀ ಪ್ರಕರಣದ ತಿರುವು ಇದೇ ಅಂತ ನನ್ನ ನಂಬಿಕೆ. ದಿನಾ ಗಾಡಿ ಓಡಿಸುವವರ ಕಣ್ಣಿಗೆ ಬೀಳುವುದು ಬೇರೆಯವರಿಗೆ ಕಾಣುವುದಿಲ್ಲ. ಬ್ಯಾಟರಿ ಬಡವಾಗಿದ್ದರೆ ಸೆಲ್ಫ್ ಹೊಡೆದಾಗ ಇಡೀ ಗಾಡಿಯ ವೋಲ್ಟೇಜ್ ಕುಸಿಯುತ್ತದೆ, ಲೈಟೂ ಮಂಕಾಗುತ್ತದೆ. ಲೈಟು ಮಂಕಾಗದೆ ಸೆಲ್ಫ್ ಮಾತ್ರ ಸೋತರೆ, ಬ್ಯಾಟರಿಯಲ್ಲಿ ಶಕ್ತಿ ಇದೆ, ಅದು ಮೋಟರ್ ತಲುಪುತ್ತಿಲ್ಲ ಅಂತ ಅರ್ಥ. ದಾರಿಯಲ್ಲೆಲ್ಲೋ ತಡೆ ಇದೆ. ಇಲ್ಲವೇ ಮೋಟರೇ ಕೆಟ್ಟಿದೆ. ಎರಡರಲ್ಲಿ ಯಾವುದು ಅಂತ ಮೀಟರ್ ಹೇಳುತ್ತದೆ.

ಮೀಟರ್ ಹೇಳಿದ್ದು

ತಮ್ಮ ಮೀಟರ್ ತಂದ. ಪ್ಲಸ್ ಕೇಬಲ್ಲಿನ ಎರಡೂ ತುದಿಗೆ ಕಡ್ಡಿ ಹಿಡಿದು ನೋಡಿದ. 'ಬೀಪ್' ಅಂತು. ಕೇಬಲ್ ಸರಿ ಇದೆ ಅಂದ.

ಇದು ಎರಡನೇ ಬಲೆ. ಮೀಟರಿನ ಬೀಪ್ ಪರೀಕ್ಷೆಯಲ್ಲಿ ಹರಿಯುವ ಕರೆಂಟ್ ತೀರಾ ಸಣ್ಣದು. ಕೇಬಲ್ಲಿನ ನೂರಾರು ಎಳೆಗಳಲ್ಲಿ ಒಂದೇ ಒಂದು ಉಳಿದಿದ್ದರೂ ಅದು ಬೀಪ್ ಅನ್ನುತ್ತದೆ. ಸೆಲ್ಫ್ ಮೋಟರಿಗೆ ಬೇಕಾಗುವುದು ನೂರಕ್ಕೂ ಜಾಸ್ತಿ ಆಂಪಿಯರ್. ಒಬ್ಬರು ನುಸುಳುವಷ್ಟು ಸಂದಿ ಇದೆ ಅಂದ ಮಾತ್ರಕ್ಕೆ ಇಡೀ ಜಾತ್ರೆ ಆ ದಾರಿಯಲ್ಲಿ ಹೋಗುತ್ತದೆಯೇ?

ಹಾಗಾಗಿ ಸೆಲ್ಫ್ ಹೊಡೆಯುವಾಗಲೇ ಅಳೆಯಬೇಕು. ಬ್ಯಾಟರಿ ಕಂಬದಿಂದ ಮೋಟರ್ ತಲುಪುವಷ್ಟರಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಅನ್ನುವುದೇ ಪ್ರಶ್ನೆ. ಎಂಜಿನ್ ಹತ್ತಿಕೊಳ್ಳದಿರಲಿ ಅಂತ ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತಿಟ್ಟರು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿದ್ದರು. ಮೈನಸ್ ಕಳಚಿ, ಮೇಲಿಂದ ಕೈ ಇಳಿಸಿ, ಸೆಲ್ಫ್ ಮೋಟರಿನಲ್ಲಿ ಪ್ಲಸ್ ಕೇಬಲ್ ಕೂರುವ ದಪ್ಪ ಸ್ಟಡ್ಡಿಗೆ (ತಲೆಯಿಲ್ಲದ ಬೋಲ್ಟಿಗೆ) ಉದ್ದ ತಂತಿಯ ಕ್ಲಿಪ್ ಸಿಕ್ಕಿಸಿದರು. ಆಮೇಲೆ ಮೈನಸ್ ಮತ್ತೆ ಹಾಕಿದರು. ಇಲ್ಲೊಂದು ಮಾತು. ಆ ಸ್ಟಡ್ಡಿಗೆ ಕೀ ಆಫ್ ಇದ್ದರೂ ಬ್ಯಾಟರಿಯ ಪ್ಲಸ್ ನೇರವಾಗಿ ಬರುತ್ತಿರುತ್ತದೆ. ಆ ತಂತಿಯ ಬಿಡಿ ತುದಿ ಬಾಡಿಗೆ ತಾಗಿದರೆ ತಂತಿಯೇ ಹೊತ್ತಿಕೊಳ್ಳುತ್ತದೆ. ಅದಕ್ಕೆ ಬಿಡಿ ತುದಿಯನ್ನು ಮೀಟರಿಗೆ ಸಿಕ್ಕಿಸಿದ ಮೇಲೆಯೇ ಮೈನಸ್ ಹಾಕಿದ್ದು.

ಮೀಟರಿನ ಇನ್ನೊಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬದ ಮೇಲೆ. ಕಂಬವನ್ನು ಹಿಡಿದಿರುವ ಕೇಬಲ್ಲಿನ ಕ್ಲ್ಯಾಂಪ್ ಮೇಲಲ್ಲ, ಕಂಬದ ಮೇಲೇ. ಅಕ್ಕ ಕೀ ತಿರುಗಿಸಿದರು. ಮೀಟರ್ 2.4 ವೋಲ್ಟ್ ತೋರಿಸಿತು. ಒಳ್ಳೆ ಕೇಬಲ್ ಆಗಿದ್ದರೆ 0.2ರ ಆಸುಪಾಸು ಇರಬೇಕು, ಅರ್ಧ ವೋಲ್ಟ್ ದಾಟಲೇಬಾರದು. ಆಮೇಲೆ ಮೈನಸ್ ಕಡೆ, ಬ್ಯಾಟರಿಯ ಮೈನಸ್ ಕಂಬದಿಂದ ಮೋಟರಿನ ಮೈಗೆ ಅಳೆದರು: 0.15. ಅದು ಸರಿ ಇದೆ.

ಕಿಲುಬು ಕಂಡದ್ದು ಮೈನಸ್ಸಿನಲ್ಲಿ, ರೋಗ ಇದ್ದದ್ದು ಪ್ಲಸ್ಸಿನಲ್ಲಿ. ಕಣ್ಣು ನಂಬಿದ್ದರೆ ಮೈನಸ್ ಕೇಬಲ್ ಬದಲಿಸಿ ಇನ್ನೊಂದು ವಾರ ಕಳೆಯುತ್ತಿದ್ದರು.

ತಮ್ಮನಿಗೆ ಈಗ ಹುರುಪು ಬಂತು. ಕಳೆದುಹೋದ 2.4 ವೋಲ್ಟ್ ಎಲ್ಲಿ ಹೋಯಿತು ಅಂತ ತುಂಡು ತುಂಡಾಗಿ ಹುಡುಕಿದ. ಬ್ಯಾಟರಿ ಕಂಬದಿಂದ ಕ್ಲ್ಯಾಂಪಿಗೆ 0.05. ಮೋಟರ್ ಕಡೆ ಕೇಬಲ್ ತುದಿಯ ಲಗ್ಗಿನಿಂದ (ಸ್ಟಡ್ಡಿಗೆ ಕೂರುವ ತೂತಿನ ಲೋಹದ ತುದಿಯಿಂದ) ಸ್ಟಡ್ಡಿಗೆ 0.05. ಉಳಿದ 2.3 ಕೇಬಲ್ಲಿನ ಒಳಗೇ. ಅಂದಾಜು 100 ಆಂಪಿಯರ್ ಹರಿದಿದೆ ಅಂದುಕೊಂಡರೂ 230 ವಾಟ್ ಬಿಸಿ ಆ ಕೇಬಲ್ಲಿನಲ್ಲೇ ವ್ಯರ್ಥ. ಮೈನಸ್ ಕಳಚಿ ಕೇಬಲ್ ಉದ್ದಕ್ಕೂ ಕೈ ಆಡಿಸಿದಾಗ ಮೋಟರ್ ಕಡೆಯ ತುದಿ ಬಿಸಿಯಾಗಿತ್ತು, ಉಳಿದ ಕಡೆ ತಣ್ಣಗಿತ್ತು. ಅಲ್ಲಿ ರಬ್ಬರ್ ಹೊದಿಕೆ ಸ್ವಲ್ಪ ಉಬ್ಬಿ, ಬಗ್ಗಿಸಿದರೆ ಕರಕರ ಅನ್ನುತ್ತಿತ್ತು.

ಯಾವ ಕೇಬಲ್?

ತಮ್ಮ ಮೊದಲು ತಂದ ರೆಡಿಮೇಡ್ ಕೇಬಲ್ ನೋಡಲು ಹಳೆಯದಕ್ಕಿಂತ ದಪ್ಪವಾಗಿತ್ತು. ಕೈಯಲ್ಲಿ ಹಿಡಿದಾಗ ಮಾತ್ರ ತೀರಾ ಹಗುರ ಅನ್ನಿಸಿತು. ತುದಿಯ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದೆವು. ತಾಮ್ರದ ಬಣ್ಣ ಹೋಗಿ ಒಳಗೆ ಬೆಳ್ಳಗೆ ಕಂಡಿತು. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ. ಒಂದೇ ಗಾತ್ರದ ತಾಮ್ರಕ್ಕೆ ಹೋಲಿಸಿದರೆ ಅಲ್ಯೂಮಿನಿಯಂ ಹರಿಸುವುದು ಸುಮಾರು 60 ಶೇಕಡಾ ಮಾತ್ರ. ಹೊದಿಕೆ ದಪ್ಪ ಇದ್ದರೆ ಏನು ಪ್ರಯೋಜನ, ಕರೆಂಟ್ ಹರಿಯುವುದು ಎಳೆಯಲ್ಲಿ ತಾನೇ. ಅದನ್ನು ವಾಪಸ್ ಕೊಟ್ಟ.

ಹಳೆಯ ಕೇಬಲ್ ಮೇಲೆ 25 ಚದರ ಮಿಲಿಮೀಟರ್ ಅಂತ ಅಚ್ಚಾಗಿತ್ತು. ಅದಕ್ಕಿಂತ ಸಣ್ಣದು ಹಾಕುವ ಮಾತೇ ಇಲ್ಲ. ಒಂದು ಹೆಜ್ಜೆ ಮೇಲೆ, 35 ಚದರ ಮಿಲಿಮೀಟರಿನ ಪೂರ್ತಿ ತಾಮ್ರದ ಕೇಬಲ್ ಆರಿಸಿದ. ಉದ್ದವನ್ನು ಹಳೆಯದು ಸಾಗಿದ ದಾರಿಯಲ್ಲೇ ದಾರ ಹಿಡಿದು ಅಳೆದ. ಎಂಜಿನ್ ರಬ್ಬರ್ ಬುಷ್ ಮೇಲೆ ಕೂತಿರುತ್ತದೆ, ಸ್ಟಾರ್ಟ್ ಆಗುವಾಗ ಅಲುಗಾಡುತ್ತದೆ. ಬಿಗಿಯಾಗಿ ಎಳೆದು ಕಟ್ಟಿದರೆ ಅದೇ ಜಾಗದಲ್ಲಿ ಎಳೆಗಳು ಒಡೆಯುತ್ತವೆ. ಹಾಗಾಗಿ ಸ್ವಲ್ಪ ಸಡಿಲ ಬಿಟ್ಟು ಅಳತೆ ಹಿಡಿದ.

ಲಗ್ ಕೂರಿಸುವ ಕೆಲಸವನ್ನು ಮನೆಯಲ್ಲಿ ಮಾಡಲಿಲ್ಲ. ಸುತ್ತಿಗೆಯಿಂದ ಹೊಡೆದು ಕೂರಿಸುತ್ತೇನೆ ಅಂತ ತಮ್ಮ ಹೊರಟಿದ್ದ. ನಾನು ಬೇಡ ಅಂದೆ. ಇಷ್ಟು ದಪ್ಪದ ಲಗ್ಗನ್ನು ಎಳೆಗಳ ಜೊತೆ ಒಂದೇ ಗಟ್ಟಿಯಾಗುವಷ್ಟು ಒತ್ತಬೇಕು. ಅದಕ್ಕೆ ದೊಡ್ಡ ಕ್ರಿಂಪಿಂಗ್ ಪ್ರೆಸ್ ಬೇಕು. ಪ್ರೆಸ್ ಇದ್ದ ಕಡೆ ಒತ್ತಿಸಿ, ಒಳಗೆ ಅಂಟು ಇರುವ, ಬಿಸಿ ಮಾಡಿದರೆ ಕುಗ್ಗಿ ಅಪ್ಪಿಕೊಳ್ಳುವ ಹೀಟ್ ಶ್ರಿಂಕ್ ಕೊಳವೆ ಹಾಕಿಸಿಕೊಂಡು ಬಂದ. ಅಂಟು ಕರಗಿ ಲಗ್ಗಿನ ಬಾಯಿ ಮುಚ್ಚುತ್ತದೆ, ನೀರು ಒಳಗೆ ಇಳಿಯುವುದಿಲ್ಲ. ಹಳೆಯ ಕೇಬಲ್ಲಿಗೆ ಇಲ್ಲದೇ ಹೋದದ್ದು ಅದೇ. ಎಲ್ಲವನ್ನೂ ಕೈಯಾರೆ ಮಾಡಬೇಕು ಅನ್ನುವ ಹಟ ಇಲ್ಲಿ ಬೇಡವಾಗಿತ್ತು, ಅದನ್ನು ಬಿಟ್ಟದ್ದು ಒಳ್ಳೆಯದಾಯಿತು.

ಬಿಚ್ಚಿದ ದಿನ

ಹಿಂದಿನ ರಾತ್ರಿ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದ್ದರು. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಹೊರಗೆ ಬರುತ್ತದೆ. ಗಾಳಿಯಲ್ಲಿ ಅದು 4 ಶೇಕಡಾ ಇದ್ದರೂ ಒಂದು ಕಿಡಿ ಸಾಕು ಹೊತ್ತಿಕೊಳ್ಳಲು. ಅದಕ್ಕೆ ಚಾರ್ಜರ್ ಆಫ್ ಮಾಡಿ, ಕ್ಲಿಪ್ ತೆಗೆದು, ಬಾನೆಟ್ ತೆರೆದಿಟ್ಟು, ಗಾಳಿ ಆಡಲು ಬಿಟ್ಟು ಆಮೇಲೆ ಕೈ ಹಾಕಿದರು. ತಮ್ಮ ಉಂಗುರ, ವಾಚು ತೆಗೆದಿಟ್ಟ. ಕನ್ನಡಕ, ಗ್ಲೌಸ್ ಹಾಕಿಕೊಂಡ. ಕಿಲುಬಿನ ಪುಡಿ ಕಣ್ಣಿಗೆ ಹಾರುವುದು ಹೊಸದೇನಲ್ಲ, ಅದರಲ್ಲಿ ಆಸಿಡ್ ಅಂಶ ಇರುತ್ತದೆ.

ಬ್ಯಾಟರಿ ಕಳಚಿದರೆ ಗಡಿಯಾರ, ರೇಡಿಯೋ ಕೋಡ್ ಹೋಗುತ್ತದಲ್ಲ, ಸಣ್ಣ ಬ್ಯಾಟರಿ ಸಿಕ್ಕಿಸಿ ಮೆಮೊರಿ ಉಳಿಸಿಕೊಳ್ಳೋಣ ಅಂತ ತಮ್ಮ ಕೇಳಿದ. ಅದನ್ನು ನಾನು ಖಡಾಖಂಡಿತವಾಗಿ ಬೇಡ ಅಂದೆ. ಹಾಗೆ ಹೊರಗಿನಿಂದ ಕರೆಂಟ್ ಕೊಟ್ಟರೆ ನಾವು ಬಿಚ್ಚಲು ಹೊರಟ ಪ್ಲಸ್ ಕೇಬಲ್ಲಿನಲ್ಲೇ ಮತ್ತೆ ಕರೆಂಟ್ ಬರುತ್ತದೆ. ಮೈನಸ್ ತೆಗೆದ ಅರ್ಥವೇ ಹೋಗುತ್ತದೆ. ಅಕ್ಕ ರೇಡಿಯೋ ಕೋಡ್ ಹುಡುಕಿ ಒಂದು ಚೀಟಿಯಲ್ಲಿ ಬರೆದಿಟ್ಟರು. ಮುಗಿಯಿತು.

ಕೀ ತೆಗೆದು ಅಕ್ಕನ ಕೈಗೆ ಕೊಟ್ಟು, ಮೈನಸ್ ಕ್ಲ್ಯಾಂಪ್ ಸಡಿಲಿಸಿ ಎತ್ತಿದ. ಪಕ್ಕಕ್ಕೆ ಬಿಟ್ಟ ಕೂಡಲೇ ಅದು ಸ್ಪ್ರಿಂಗಿನ ಹಾಗೆ ತಿರುಗಿ ಕಂಬದ ಕಡೆಗೇ ಬಂತು. ದಪ್ಪ ಕೇಬಲ್ ತನ್ನ ಹಳೆಯ ಬಾಗನ್ನು ಬಿಡುವುದಿಲ್ಲ. ಕೈ ಒಳಗಿರುವಾಗ ಅದು ಕಂಬಕ್ಕೆ ತಾಗಿದರೆ ಎಲ್ಲ ಎಚ್ಚರವೂ ನೀರುಪಾಲು. ಕ್ಲ್ಯಾಂಪಿಗೆ ಒಣ ಬಟ್ಟೆ ಸುತ್ತಿ ದೂರಕ್ಕೆ ಎಳೆದು ಕಟ್ಟಿದ. ಆಮೇಲೆ ಪ್ಲಸ್ ತೆಗೆದ. ಪ್ಲಸ್ ಕ್ಲ್ಯಾಂಪಿನಲ್ಲಿ ಫ್ಯೂಸ್ ಡಬ್ಬಿಗೆ ಹೋಗುವ ಇನ್ನೊಂದು ತಂತಿಯೂ ಇತ್ತು. ಯಾವುದು ಎಲ್ಲಿ ಕೂತಿತ್ತು ಅಂತ ಅಕ್ಕ ಮೊದಲೇ ಫೋಟೋ ತೆಗೆದಿದ್ದರು.

ಕಾರನ್ನು ಜ್ಯಾಕ್ ಹಾಕಿ ಎತ್ತಬೇಕೇ ಅನ್ನುವ ಚರ್ಚೆ ನಡೆಯಿತು. ಏರ್ ಫಿಲ್ಟರ್ ಡಬ್ಬಿ ತೆಗೆದರೆ ಮೇಲಿಂದಲೇ ಮೋಟರ್ ಸಿಗುತ್ತಿತ್ತು. ಎತ್ತದೆ ಆಗುವ ಕೆಲಸಕ್ಕೆ ಗಾಡಿ ಎತ್ತಬಾರದು. ಎತ್ತಲೇಬೇಕಾದರೆ ಬರೀ ಜ್ಯಾಕ್ ನಂಬಿ ಕೆಳಗೆ ತೂರಬಾರದು, ಸ್ಟ್ಯಾಂಡ್ ಇರಲೇಬೇಕು.

ಮೋಟರಿನ ನಟ್ ಜಪ್ಪಯ್ಯ ಅಂದರೂ ಅಲುಗಲಿಲ್ಲ. ತಮ್ಮ ಉದ್ದ ಹಿಡಿ ಹಾಕಿ ಒತ್ತಲು ಹೋದ. ಆಗ ಇಡೀ ಸ್ಟಡ್ಡೇ ಸ್ವಲ್ಪ ತಿರುಗಿದ ಹಾಗೆ ಕಂಡಿತು. ತಕ್ಷಣ ನಿಲ್ಲಿಸಿದೆವು. ಆ ಸ್ಟಡ್ ಒಳಗೆ ತಾಮ್ರದ ಕಾಂಟ್ಯಾಕ್ಟ್ ಇರುತ್ತದೆ. ಸ್ಟಡ್ ತಿರುಗಿದರೆ ಅದು ಸ್ಥಳ ತಪ್ಪುತ್ತದೆ, ಚೆನ್ನಾಗಿದ್ದ ಮೋಟರ್ ಆಗ ನಿಜವಾಗಲೂ ಹಾಳಾಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಆವತ್ತಿನ ಕೆಲಸ ಅಲ್ಲಿಗೇ ಬಿಟ್ಟೆವು. 'ಇನ್ನೊಂದ್ಸಲ ನೋಡ್ತೀನಿ ಅಕ್ಕ' ಅಂದವನನ್ನು ಅಕ್ಕ ಕೈ ಹಿಡಿದು ಎಬ್ಬಿಸಿದರು. ಮರುದಿನ ಬೆಳಿಗ್ಗೆ ಒಳಗಿನ ನಟ್ಟಿಗೆ ಒಂದು ಸ್ಪ್ಯಾನರ್ ಹಿಡಿದು, ಹೊರಗಿನದಕ್ಕೆ ಇನ್ನೊಂದು ಹಾಕಿದ. ಸಲೀಸಾಗಿ ಬಂತು.

ಹಳೆಯ ಕೇಬಲ್ಲಿನ ಹೊದಿಕೆ ಸೀಳಿ ನೋಡಿದೆವು. ಬ್ಯಾಟರಿ ಕಡೆ ತಾಮ್ರ ಹೊಳೆಯುತ್ತಿತ್ತು. ಮೋಟರ್ ಕಡೆ ನಾಲ್ಕು ಬೆರಳು ಅಗಲದಷ್ಟು ಉದ್ದಕ್ಕೆ ಹಸಿರು ಕಪ್ಪು ಪುಡಿ. ಲಗ್ಗಿನ ಬಾಯಲ್ಲಿ ಮುಕ್ಕಾಲು ಪಾಲು ಎಳೆಗಳು ತುಂಡಾಗಿದ್ದವು. ಹೊರಗಿನಿಂದ ಇದು ಒಂಚೂರೂ ಕಾಣುತ್ತಿರಲಿಲ್ಲ.

ಜೋಡಿಸಿದ್ದು

ಬ್ಯಾಟರಿ ಕಂಬ, ಕ್ಲ್ಯಾಂಪ್ ಒಳಭಾಗ ಎರಡನ್ನೂ ಹೊಳೆಯುವವರೆಗೆ ಬ್ರಷ್ಷಿನಿಂದ ಉಜ್ಜಿದರು. ಉಳಿದ ಕಿಲುಬಿಗೆ ಅಡುಗೆ ಸೋಡಾ ಕಲಸಿದ ನೀರು, ನೊರೆ ಬರುವುದು ನಿಲ್ಲುವವರೆಗೆ. ಆ ನೀರು ಬ್ಯಾಟರಿಯ ಸೆಲ್ ಒಳಗೆ ಇಳಿಯಬಾರದು, ಇಳಿದರೆ ಅಲ್ಲಿನ ಆಸಿಡ್ಡನ್ನೇ ಕೊಲ್ಲುತ್ತದೆ.

ಹೊಸ ಕೇಬಲ್ಲನ್ನು ಮೊದಲು ಮೋಟರ್ ಸ್ಟಡ್ಡಿಗೆ, ಆಮೇಲೆ ಬ್ಯಾಟರಿ ಪ್ಲಸ್ಸಿಗೆ ಹಾಕಿ ಬಿಗಿ ಮಾಡಿದ. ಕಂಬ ಸೀಸದ್ದು, ಮೆತ್ತಗಿರುತ್ತದೆ. ಕೈಯಿಂದ ತಿರುಗಿಸಿದರೆ ಕ್ಲ್ಯಾಂಪ್ ಅಲುಗದಷ್ಟು ಬಿಗಿ ಸಾಕು. ವ್ಯಾಸಲೀನ್ ಸವರಿದ್ದು ಬಿಗಿ ಮಾಡಿದ ಮೇಲೆ, ಹೊರಗಿನಿಂದ. ಪ್ಲಸ್ ಕಂಬ ಮೈನಸ್ಸಿಗಿಂತ ಸ್ವಲ್ಪ ದಪ್ಪ ಇರುತ್ತದೆ, ಹಾಗಾಗಿ ಕ್ಲ್ಯಾಂಪ್ ಅದಲು ಬದಲಾದರೆ ಸರಿಯಾಗಿ ಕೂರುವುದಿಲ್ಲ. ಆದರೂ ಕಂಬದ ಪಕ್ಕ ಅಚ್ಚಾದ ಗುರುತನ್ನು ಓದಿಯೇ ಹಾಕಿದ.

ಮೈನಸ್ ಹಾಕುವ ಮುಂಚೆ ಅಕ್ಕ ಟಾರ್ಚ್ ಹಿಡಿದು ಕೇಬಲ್ ದಾರಿಯನ್ನು ಒಮ್ಮೆ ನೋಡಿದರು. ಒಂದು ಕಡೆ ಕೇಬಲ್ ತಗಡಿನ ಚೂಪು ಅಂಚಿಗೆ ಒರಗಿತ್ತು. ಹಳೆಯದಕ್ಕೆ ಅಲ್ಲೊಂದು ಕ್ಲಿಪ್ ಇತ್ತು, ಹೊಸದಕ್ಕೆ ಹಾಕಲು ಮರೆತಿದ್ದ. ಇದನ್ನು ಬಿಟ್ಟಿದ್ದರೆ ಕೆಲವು ತಿಂಗಳಲ್ಲಿ ಹೊದಿಕೆ ಸವೆದು, ತಾಮ್ರ ಬಾಡಿಗೆ ತಾಗಿ, ಬೆಂಕಿಯೇ ಹತ್ತಬಹುದಿತ್ತು. ಬ್ಯಾಟರಿಯಿಂದ ಸೆಲ್ಫ್ ಮೋಟರಿಗೆ ಹೋಗುವ ಕೇಬಲ್ಲಿಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ. ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸಿದ ಕ್ಷಣ ಇದು, ಕಿಡಿ ಹಾರಿದ್ದಕ್ಕಿಂತಲೂ. ಕಿಡಿ ಕಣ್ಣೆದುರೇ ಹಾರಿ ಮುಗಿಯುತ್ತದೆ. ಇದು ಅಲ್ಲೇ ಕೂತು ಕಾಯುತ್ತದೆ.

ಕ್ಲಿಪ್ ಹಾಕಿ, ಏರ್ ಫಿಲ್ಟರ್ ಡಬ್ಬಿ ಕೂರಿಸಿ, ಕೊನೆಗೆ ಮೈನಸ್.

ಆಮೇಲೆ

ಪಂಪಿನ ಫ್ಯೂಸ್ ಹೊರಗಿಟ್ಟೇ ಮತ್ತೆ ಅಳೆದರು. ಪ್ಲಸ್ ಕಡೆ ಈಗ 0.2. ಎಂಜಿನ್ ಚುರುಕಾಗಿ ತಿರುಗಿತು. ಆದರೆ ತಮ್ಮನ ಮುಖ ಸಪ್ಪಗಾಯಿತು. ಹಿಂದೆ ಸೆಲ್ಫ್ ಹೊಡೆಯುವಾಗ ಬ್ಯಾಟರಿ ಕಂಬಗಳ ನಡುವೆ 11.6 ವೋಲ್ಟ್ ಇತ್ತು, ಈಗ 10.6ಕ್ಕೆ ಇಳಿಯುತ್ತಿದೆ. 'ಕಡಿಮೆ ಆಯ್ತಲ್ಲ!' ಅಂದ. ಅದು ಒಳ್ಳೆಯ ಲಕ್ಷಣ. ಹಿಂದೆ ಕೆಟ್ಟ ಕೇಬಲ್ ಕರೆಂಟನ್ನು ತಡೆದಿತ್ತು, ಬ್ಯಾಟರಿಗೆ ಕೆಲಸವೇ ಇರಲಿಲ್ಲ. ಈಗ ಮೋಟರ್ ತನಗೆ ಬೇಕಾದಷ್ಟು ಎಳೆದುಕೊಳ್ಳುತ್ತಿದೆ. ಮೋಟರಿಗೆ ತಲುಪುತ್ತಿದ್ದದ್ದು ಆಗ 9 ವೋಲ್ಟ್ ಚಿಲ್ಲರೆ, ಈಗ 10 ದಾಟಿದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿ 9.6ಕ್ಕಿಂತ ಕೆಳಗೆ ಬಿದ್ದರೆ ಮಾತ್ರ ಚಿಂತೆ ಮಾಡಬೇಕು.

ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿದರು, ಒಂದೇ ಸಲಕ್ಕೆ. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 14.2 ವೋಲ್ಟ್ ಬಂತು, ಚಾರ್ಜಿಂಗ್ ಸರಿ ಇದೆ. ಐಡ್ಲಿಂಗ್ ಸ್ವಲ್ಪ ಹೊತ್ತು ಏರಿಳಿಯಿತು, ಒಂದು ಸುತ್ತು ಓಡಿಸಿದ ಮೇಲೆ ಸರಿಹೋಯಿತು. ಗಡಿಯಾರ, ರೇಡಿಯೋ ಕೋಡ್ ಮತ್ತೆ ಹಾಕಬೇಕಾಯಿತು. ಡ್ರೈವರ್ ಕಡೆಯ ಕಿಟಕಿಯ ಆಟೋ ಬಟನ್ ಕೆಲಸ ಮಾಡಲಿಲ್ಲ. ಕಿಟಕಿ ಪೂರ್ತಿ ಮೇಲೆತ್ತಿ ಬಟನ್ ಕೆಲವು ಸೆಕೆಂಡ್ ಹಿಡಿದಾಗ ಅದೂ ಸರಿಯಾಯಿತು.

ಈ ಪ್ರಕರಣ ಸಾದಾ 12 ವೋಲ್ಟ್ ಕಾರಿನದು. ಕಿತ್ತಳೆ ಬಣ್ಣದ ಕೇಬಲ್ ಇರುವ ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಗಳಲ್ಲಿ ಆ ಕೇಬಲ್ಲಿನಲ್ಲಿ ನೂರಾರು ವೋಲ್ಟ್ ಇರುತ್ತದೆ. ಅದಕ್ಕೆ ಮನೆಯಲ್ಲಿ ಕೈ ಹಚ್ಚಲೇಬೇಡಿ. ಮೈನಸ್ ಕ್ಲ್ಯಾಂಪ್ ಮೇಲೆ ಸಣ್ಣ ಸೆನ್ಸರ್ ಡಬ್ಬಿ ಇರುವ ಹೊಸ ಕಾರುಗಳಲ್ಲೂ ಮ್ಯಾನುವಲ್ ಓದದೆ ಮುಂದುವರಿಯಬಾರದು.

ಒಂದು ವಾರ ಬಿಟ್ಟು ತಮ್ಮ ಮತ್ತೆ ಬಾನೆಟ್ ಎತ್ತಿದ. ಮೊದಲು ಮೈನಸ್ ಕಳಚಿ ಬಟ್ಟೆ ಸುತ್ತಿದ, ಆಮೇಲೆ ಮೋಟರ್ ನಟ್ ಮೇಲೆ ಸ್ಪ್ಯಾನರ್ ಇಟ್ಟ. ಕೂತ ಜಾಗದಲ್ಲಿ ಸ್ವಲ್ಪ ಸಡಿಲವಾಗಿತ್ತು, ಕಾಲು ಸುತ್ತು ಬಿಗಿ ಮಾಡಿದ. ಮೈನಸ್ ಹಾಕಿ, ಪಂಪಿನ ಫ್ಯೂಸ್ ಕಿತ್ತು, ಮತ್ತೊಮ್ಮೆ ಅಳೆದ. 0.2 ಹಾಗೇ ಇತ್ತು, ಲಗ್ ತಣ್ಣಗಿತ್ತು.